ಅಳೆಯದ ಕಾಲು

ಅಚ್ಚಿಗೆ ಕಳಿಸುವ ಮೊದಲು ಒಂದು ಸಲ ಕಣ್ಣು ಹಾಯಿಸಿ ಎಂದು ಸಿಸ್ಟರ್ ಮೇಜಿನ ಮೇಲೆ ಇಟ್ಟು ಹೋಗಿದ್ದ ಹಾಳೆಯನ್ನು ಅವನು ಬೆಳಗಿನಿಂದ ಮೂರು ಸಲ ಕೈಗೆತ್ತಿಕೊಂಡಿದ್ದ, ಮೂರು ಸಲವೂ ಏಳನೆಯ ಸಾಲಿನವರೆಗೆ ಓದಿ ಕೆಳಗಿಟ್ಟಿದ್ದ. ಹಾಳೆಯ ನೆತ್ತಿಯಲ್ಲಿ 'ಊರೂರು ತಿರುಗಿ ಓಡುವವರಿಗೆ' ಎಂದು ದಪ್ಪಕ್ಷರದಲ್ಲಿತ್ತು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಏಳಲಾಗದಿದ್ದರೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಪಾದ ತಿರುಗಿಸಿ. ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ಓಡುವ ಶೂಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಪೆಟ್ಟಿಗೆ ಕಳೆದರೆ ಬಟ್ಟೆ ಕೊಳ್ಳಬಹುದು, ಪಳಗಿದ ಶೂ ಸಿಗುವುದಿಲ್ಲ. ತಲುಪಿದ ದಿನ ಓಡಬೇಡಿ, ನಡೆಯಿರಿ. ಓಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಿ, ಓಟ ಮುಗಿದ ಮೇಲೆ ಸ್ನಾಯು ಎಳೆದು ಸಡಿಲಿಸಿ. ಇಷ್ಟೂ ಅವನದೇ ಮಾತುಗಳು. ಇಪ್ಪತ್ತಾರು ವರ್ಷ ಜನರ ಮಂಡಿ, ಹಿಮ್ಮಡಿ, ಸೊಂಟಗಳನ್ನು ಹಿಡಿದು ಬಗ್ಗಿಸಿ ಕಲಿತದ್ದು. ಶೂಗಳ ಸಾಲಿನ ತಮಾಷೆಯಂತೂ ಅವನ ಸ್ವಂತದ್ದು. ಎಂಟನೆಯ ಸಾಲು ಮಾತ್ರ ಅವನದಲ್ಲ. 'ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡರೆ, ಎದೆ ಚುಚ್ಚಿದರೆ, ಸುಸ್ತೆಂದು ಸುಮ್ಮನಿರಬೇಡಿ. ಅಲ್ಲೇ ಇಳಿದು ಆಸ್ಪತ್ರೆ ಸೇರಿ.' ಕೆಳಗೆ ಅವನ ಹೆಸರು, ಹೆಸರಿನ ಕೆಳಗೆ ಕ್ಲಿನಿಕ್ಕಿನ ಫೋನ್ ನಂಬರು. ಸಂಜೆ ಓಟಗಾರರ ಸಂಘದ ಸಭೆಯಲ್ಲಿ ಈ ಹಾಳೆ ಹಂಚಿ ಅವನು ಅರ್ಧ ಗಂಟೆ ಮಾತಾಡಬೇಕಿತ್ತು. ನಾಳೆ ಬೆಳಿಗ್ಗೆ ಅವರೆಲ್ಲ ಬಸ್ಸು ಮಾಡಿಕೊಂಡು ಒಂಬತ್ತು ಗಂಟೆ ದೂರದ ಪಂದ್ಯಕ್ಕೆ ಹೊರಡುವವರು. ಸಭೆಯಲ್ಲಿ ಅವನನ್ನು ಪರಿಚಯ ಮಾಡಿಕೊಡುವವಳು ಅವನ ತಂಗಿ.

ಸಿಸ್ಟರ್ ಎಂದು ಎಲ್ಲರೂ ಕರೆಯುವ ಆಕೆ ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ನಿವೃತ್ತರಾದ ನರ್ಸು. ಮನೆಯಲ್ಲಿ ಸುಮ್ಮನೆ ಕೂತರೆ ಕೈಕಾಲು ಹಿಡಿಯುತ್ತದೆ ಎಂದು ನಾಲ್ಕು ವರ್ಷದಿಂದ ಅವನ ಕ್ಲಿನಿಕ್ಕಿನ ಮುಂಗೋಣೆಯಲ್ಲಿ ಟೋಕನ್ ಕೊಡುವುದು, ಬಿಸಿನೀರಿನ ಚೀಲ ತುಂಬುವುದು, ಅಳುವವರನ್ನು ಸಮಾಧಾನಪಡಿಸುವುದು, ಜಗಳಕ್ಕೆ ಬರುವವರನ್ನು ಒಂದೇ ನೋಟದಲ್ಲಿ ಕೂರಿಸುವುದು ಎಲ್ಲ ನೋಡಿಕೊಳ್ಳುತ್ತಿದ್ದರು. ತಂಗಿ ಬಂದಾಗಲೆಲ್ಲ ಕಾಯಂ ರೋಗಿಗಳು, ಡಾಕ್ಟರಿಗೆ ಇಬ್ಬರು ಸಿಸ್ಟರು, ಒಬ್ಬರು ಮನೆಯವರು ಒಬ್ಬರು ಸಂಬಳದವರು ಎಂದು ನಗುತ್ತಿದ್ದರು. ಡಾಕ್ಟರು ಎನ್ನುವುದೂ ಅವನದಲ್ಲ. 'ಮಂಡಿ ಡಾಕ್ಟರು' ಎಂದು ಯಾರೋ ಒಬ್ಬರು ಶುರು ಮಾಡಿದ್ದು ಬೀದಿಗೆಲ್ಲ ಹರಡಿ ಆಟೋದವರೂ ಹಾಗೇ ಹೇಳುವಂತಾಗಿತ್ತು. ಮೊದಮೊದಲು, ನಾನು ಡಾಕ್ಟರಲ್ಲ, ಫಿಜಿಯೋಥೆರಪಿಸ್ಟು ಎಂದು ತಿದ್ದುತ್ತಿದ್ದ. ಆಮೇಲೆ ತಿದ್ದುವುದನ್ನು ಬಿಟ್ಟ. ಯಾವಾಗ ಬಿಟ್ಟೆ ಎಂದು ಈಗ ನೆನಪಿಸಿಕೊಳ್ಳಲು ಹೋದರೆ ಸಿಗುತ್ತಿರಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದ ಟೈಲರನ ಮಂಡಿಯನ್ನು ಮೆಲ್ಲಗೆ ಎದೆಯ ಕಡೆಗೆ ಬಗ್ಗಿಸುತ್ತ, ಇನ್ನೊಂದು ಕಾಲನ್ನೂ ಅದೇ ಎತ್ತರಕ್ಕೆ ಎತ್ತಿ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಟೈಲರ್ ನಕ್ಕು, ನೋಯ್ತಿರೋದು ಒಂದೇ ಕಾಲು ಡಾಕ್ಟ್ರೇ ಎಂದ. ಅವನು, ಗೊತ್ತು ಎಂದ. ಒಂದು ವರ್ಷದಿಂದ ಅವನು ಬಂದವರ ಎರಡೂ ಕಾಲು ನೋಡುತ್ತಿದ್ದ. ಭುಜ ನೋವೆಂದು ಬಂದವರ ಕಾಲನ್ನೂ ನೋಡುತ್ತಿದ್ದ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಕೆಲಸವನ್ನು ಮುಂಗೋಣೆಯಿಂದ ಪರದೆಯ ಸಂದಿನಲ್ಲಿ ಸಿಸ್ಟರ್ ನೋಡುತ್ತಾರೆ, ನೋಡಿಯೂ ನೋಡದವರಂತೆ ಟೋಕನ್ ಪೆಟ್ಟಿಗೆಗೆ ತಿರುಗುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆಕೆ ಒಂದು ಮಾತು ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಂದು ವರ್ಷದ ಹಿಂದೆ ಅವತ್ತೂ ಹೀಗೇ ಬೆಳಗಿನ ಹನ್ನೊಂದರ ಹೊತ್ತು. ತಂಗಿ ಟೋಕನ್ ತೆಗೆದುಕೊಳ್ಳದೆ ನೇರ ಒಳಗೆ ಬಂದು, ಅಣ್ಣ, ಎರಡೇ ನಿಮಿಷ ಎಂದಿದ್ದಳು. ಮರುದಿನ ಬೆಳಿಗ್ಗೆ ಅವಳ ರೈಲು. ಹದಿನಾಲ್ಕು ಗಂಟೆಯ ಪ್ರಯಾಣ, ಅದರ ಮರುದಿನ ಅವಳ ಮೊದಲನೇ ನಲವತ್ತೆರಡು ಕಿಲೋಮೀಟರು. ಗಣಿತದ ಟೀಚರಾದ ಅವಳು ಹಿಂದಿನ ವಾರವೆಲ್ಲ ಬೇರೆ ಊರಿನಲ್ಲಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಹೋಗಿ, ದಿನಕ್ಕೆ ಒಂಬತ್ತು ಗಂಟೆ ಮರದ ಬೆಂಚಿನ ಮೇಲೆ ಕೂತು, ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂತು ವಾಪಸಾಗಿದ್ದಳು. ಎಡಗಾಲಿನ ಮೀನಖಂಡ ಮೂರು ದಿನದಿಂದ ಹಿಡಿದುಕೊಂಡಿದೆ, ಭಾರ ಅನ್ನಿಸುತ್ತದೆ ಎಂದಳು. ಸಾಕ್ಸಿನ ಪಟ್ಟಿಯ ಗುರುತು ಎಡಗಾಲಿನಲ್ಲಿ ಮಾತ್ರ ಉಳಿಯುತ್ತದೆ ನೋಡು, ಬಲಗಾಲಿನಲ್ಲಿ ಇಲ್ಲ, ವಿಚಿತ್ರ ಅಲ್ವಾ ಎಂದು ಪ್ಯಾಂಟು ಮೇಲೆತ್ತಿ ತೋರಿಸಿದಳು. ಅವಳು ತೋರಿಸಿದ ಕಾಲನ್ನು ಅವನು ನೋಡಿದ, ತೋರಿಸದ ಕಾಲನ್ನು ನೋಡಲಿಲ್ಲ. ಅವನ ಮನಸ್ಸೆಲ್ಲ ಪಕ್ಕದ ಹಾಸಿಗೆಯ ಮೇಲಿತ್ತು. ಅಲ್ಲಿ ದೊಡ್ಡ ಪಂದ್ಯವೊಂದನ್ನು ಗೆದ್ದು ಬಂದಿದ್ದ ವೇಗದ ಓಟಗಾರ ಮಲಗಿದ್ದ, ಅವನ ಹಿಂದೆಯೇ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ, ಬೆಳಕು ಚೆನ್ನಾಗಿದೆ, ಒಂದು ಫೋಟೋ ಸರ್ ಎನ್ನುತ್ತಿದ್ದ. ಅವನು ತಂಗಿಯ ಮೀನಖಂಡವನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಒತ್ತಿ ತಿಕ್ಕಿದ. ಅವಳು ಹಲ್ಲು ಕಚ್ಚಿಕೊಂಡಳು. ಸಾಕ್ಸ್ ಹೊಸದಿರಬೇಕು, ಕೂತು ಕೂತು ಸ್ನಾಯು ಮೊಂಡಾಗಿದೆ, ಓಡಿದರೆ ತಾನೇ ಬಿಡುತ್ತದೆ ಎಂದು ಹೇಳಿ, ಮುಂಗೋಣೆಯಲ್ಲಿ ಹಾಳೆ ಇದೆ ತಗೊಂಡು ಹೋಗು ಎಂದ. ಆಗ ಪರದೆ ಸರಿಸಿ ಸಿಸ್ಟರ್, ಒಂದು ಸಲ ಎರಡೂ ಕಾಲು ಟೇಪಿನಲ್ಲಿ ಅಳೆದು ನೋಡೋಣವೇ ಸರ್ ಎಂದು ಅವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಕೇಳಿದ್ದರು. ಅವನು ಕ್ಯಾಮೆರಾದವನಿಗೂ ಕೇಳುವ ಹಾಗೆ, "ಇದು ನಿಮ್ಮ ವಾರ್ಡ್ ಅಲ್ಲ ಸಿಸ್ಟರ್. ನೀವು ಟೋಕನ್ ನೋಡ್ಕೊಳ್ಳಿ" ಎಂದಿದ್ದ. ಕಾಯುತ್ತಿದ್ದವರಲ್ಲಿ ಇಬ್ಬರು ನಕ್ಕರು. ಓಟಗಾರನೂ ಮಲಗಿದಲ್ಲೇ ನಕ್ಕ. ಸಿಸ್ಟರ್ ಪರದೆ ಬಿಟ್ಟು ಹೋದರು. ಪರದೆಯ ಉಂಗುರಗಳು ಕಂಬಿಯ ಮೇಲೆ ಜರುಗಿದ ಸದ್ದು ಅವನಿಗೆ ಅವತ್ತು ಕೇಳಿಸಿರಲಿಲ್ಲ, ಆಮೇಲೆ ಎಷ್ಟೋ ಸಲ ಕೇಳಿಸಿತು.

ರೈಲಿನಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ ಅವಳು ನೀರು ಹಿಡಿಯಲು ಎದ್ದಿದ್ದಳಂತೆ. ಎರಡು ಸೀಟು ದಾಟುವುದರಲ್ಲಿ ಉಸಿರು ನಿಂತಂತಾಯಿತು, ಎದೆಯ ಒಳಗೆ ಯಾರೋ ಸೂಜಿ ಚುಚ್ಚಿ ತಿರುಗಿಸಿದ ಹಾಗೆ. ಎದುರಿನ ಹೆಂಗಸು, ಸೆಖೆಗೆ ಹಾಗಾಗುತ್ತೆ, ಮಲಕೊಳ್ಳಿ ಎಂದು ಜಾಗ ಬಿಟ್ಟುಕೊಟ್ಟಳು. ಇವಳು ಮಲಗಲಿಲ್ಲ. ಕೈಚೀಲದಲ್ಲಿ, ಶೂಗಳ ಒಳಗೆ ಮಡಿಸಿಟ್ಟಿದ್ದ ಅಣ್ಣನ ಹಾಳೆಯನ್ನು ತೆಗೆದು, ಎಂಟನೆಯ ಸಾಲಿನ ಮೇಲೆ ಬೆರಳಿಟ್ಟು ಟಿಕೆಟ್ ನೋಡುವವನಿಗೆ ತೋರಿಸಿದಳು. ಮಾತಾಡುವಷ್ಟು ಉಸಿರಿರಲಿಲ್ಲ. ಅವನು ಪುಣ್ಯಾತ್ಮ, ಓದಿದವನೇ ಮುಂದಿನ ನಿಲ್ದಾಣಕ್ಕೆ ಫೋನು ಮಾಡಿದ. ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಒಡೆದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ, ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆ ಸಣ್ಣ ಊರಿನ ಆಸ್ಪತ್ರೆಯ ವೈದ್ಯೆ ಹೇಳಿದ್ದು. ಅಣ್ಣ ಅಲ್ಲಿಗೆ ಹೋಗಿ ಮುಟ್ಟಿದಾಗ ವೈದ್ಯೆ ಕಾರಿಡಾರಿನಲ್ಲಿ, ಹೊರಡುವ ಮುಂಚೆ ಯಾರಾದರೂ ಕಾಲು ನೋಡಿದ್ದರಾ ಎಂದು ಕೇಳಿದರು. ಅವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ತಂಗಿಯ ಗಂಡ, ಗಡಿಯಾರ ರಿಪೇರಿಯ ಆ ಮಿತಭಾಷಿ, ದಿನವೆಲ್ಲ ಸಣ್ಣ ಸಣ್ಣ ತಿರುಪುಗಳ ಜೊತೆ ಮಾತ್ರ ಮಾತಾಡುವ ಮನುಷ್ಯ, ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ನೀವು ಬರೆದ ಒಂದು ಸಾಲು ನನ್ನ ಮನೆ ಉಳಿಸಿತು ಎಂದು ಅತ್ತುಬಿಟ್ಟ. ವೈದ್ಯೆ ಇಬ್ಬರನ್ನೂ ನೋಡಿ, ಆ ಹಾಳೆ ಬರೆದವರು ನೀವೇನಾ ಎಂದು ತಲೆದೂಗಿ ಮುಂದೆ ಹೋದರು. ಅವನ ಬಾಯಿ ಮುಚ್ಚಿಕೊಂಡಿತು. ಅಷ್ಟೇ ಆದದ್ದು. ಒಂದು ಸುಳ್ಳನ್ನೂ ಅವನು ಹೇಳಲಿಲ್ಲ. ಆ ಹೆಬ್ಬೆರಳುಗಳೇ ಇರಬಹುದು ಹೆಪ್ಪನ್ನು ಕದಲಿಸಿದ್ದು. ಇರದೆಯೂ ಇರಬಹುದು, ಖಚಿತವಾಗಿ ಯಾರೂ ಹೇಳಲಾರರು. ಆ 'ಇರದೆಯೂ ಇರಬಹುದು' ಎಂಬುದರ ಮೇಲೆ ಅವನು ಎಷ್ಟೋ ದಿನ ಒರಗಿ ನಿಂತಿದ್ದ. ಅದು ಭಾರ ತಡೆಯುವ ಗೋಡೆಯಲ್ಲ ಎಂದು ಅವನ ಬೆನ್ನಿಗೆ ಗೊತ್ತಿತ್ತು.

ಚಿಕ್ಕಂದಿನಲ್ಲಿ ಓಡುತ್ತಿದ್ದವನು ಅವನು. ಶಾಲೆಯ ಮೈದಾನದ ಅಂಚಿನಲ್ಲಿ ಅವನ ಚಪ್ಪಲಿ, ಟವೆಲು ಹಿಡಿದು ನಿಲ್ಲುತ್ತಿದ್ದವಳು ಅವಳು. ಒಂದು ದಿನ ಯಾರೂ ಇಲ್ಲದಾಗ ಅವಳೂ ಚಪ್ಪಲಿ ಕೆಳಗಿಟ್ಟು ಓಡಲು ನೋಡಿದಳು. ಅವನು ಗೆಳೆಯರೆದುರು, ಬಾತುಕೋಳಿ ಓಡಿದ ಹಾಗಿದೆ ಎಂದಿದ್ದ. ಅಂದಿನಿಂದ ಮನೆಯಲ್ಲಿ ಅವಳು ಬಾತು. ಮದುವೆಯಾಗಿ, ಕೆಲಸಕ್ಕೆ ಸೇರಿ, ತಲೆ ನರೆತರೂ ಬಾತು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಸ್ಟಾಫ್ ರೂಮಿನ ಗೆಳತಿಯೊಬ್ಬಳು ಎಳೆದುಕೊಂಡು ಹೋದಳೆಂದು ಒಂದು ಬೆಳಿಗ್ಗೆ ಓಡಲು ಹೋದವಳು ಮತ್ತೆ ಬಿಡಲಿಲ್ಲ. ಇಪ್ಪತ್ತೊಂದು ಕಿಲೋಮೀಟರು ಮುಗಿಸಿದ ದಿನ ಫೋನು ಮಾಡಿ, ಏದುಸಿರಿನಲ್ಲೇ, "ಅಣ್ಣ, ಬಾತು ಇಪ್ಪತ್ತೊಂದು ಕಿಲೋಮೀಟರ್ ಓಡ್ತು" ಎಂದಿದ್ದಳು. ಅವನಿಗೆ ಆಗ ಆದದ್ದು ಸಂತೋಷವೇ. ಆದರೆ ಸಂತೋಷದ ಅಡಿಯಲ್ಲಿ ಗಂಜಿಯ ತಳದ ಹಾಗೆ ಏನೋ ಹತ್ತಿಕೊಂಡಿತ್ತು. ತಾನು ಓಡುವುದು ಬಿಟ್ಟು ಮೂವತ್ತು ವರ್ಷವಾಗಿತ್ತು, ಹೊಟ್ಟೆ ಬಂದಿತ್ತು, ಓಡುವವರಿಗೆ ಬುದ್ಧಿ ಹೇಳುವುದೊಂದು ಉಳಿದಿತ್ತು. ಅವತ್ತು ಅವಳು ಕಾಲು ತೋರಿಸಿದಾಗ ಅವನು ಅಷ್ಟು ಹಗುರವಾಗಿ ನೋಡಿದ್ದು ಬರೀ ಕ್ಯಾಮೆರಾದ ದೆಸೆಯಿಂದಲೋ, ಅಥವಾ ಬಾತುವಿನ ಕಾಲಿಗೆ ಓಟಗಾರನ ಕಾಲಿಗಿರುವ ನೋವು ಬರಲಾರದು ಎಂದು ಒಳಗೆಲ್ಲೋ ನಂಬಿದ್ದರಿಂದಲೋ? ಈ ಪ್ರಶ್ನೆಗೆ ಬಂದಾಗ ಅವನು ಪ್ರತಿಸಲವೂ ಬೇರೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ. ಈಗ ಅವಳು ಓಡುವುದಿಲ್ಲ. ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿದಿದೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾಳೆ, ಪಾಠ ಮಾಡುವಾಗ ಉದ್ದದ ಲೆಕ್ಕವಾದರೆ ನಡುವೆ ಕೂರುತ್ತಾಳೆ. ಓಡದಿದ್ದರೂ ಸಂಘದ ಕಾರ್ಯದರ್ಶಿಯಾಗಿದ್ದಾಳೆ, ಸಿಕ್ಕವರಿಗೆಲ್ಲ ತನ್ನ ಕಥೆ ಹೇಳುತ್ತಾಳೆ, ಕಥೆಯ ಕೊನೆಯಲ್ಲಿ ಯಾವಾಗಲೂ ಅಣ್ಣ ಬರುತ್ತಾನೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಅವನು ಅದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಮಧ್ಯಾಹ್ನ ಕೊನೆಯ ರೋಗಿ ಹೋದ ಮೇಲೆ ಸಿಸ್ಟರ್ ಟೀ ಲೋಟಗಳನ್ನು ತೊಳೆಯುತ್ತಿದ್ದರು. ಅವನು ಹಾಳೆ ಹಿಡಿದು ಮುಂಗೋಣೆಗೆ ಬಂದು, ಬೆಂಚಿನ ಮೇಲೆ ರೋಗಿಗಳು ಕೂರುವ ಜಾಗದಲ್ಲಿ ಕೂತ. ಈ ಸಲ ಕೆಳಗೆ ನಿಮ್ಮ ಹೆಸರೂ ಹಾಕೋಣ ಎಂದು ಹೇಳಿದ. ಹೇಳುತ್ತಿರುವಾಗಲೇ ಅದೆಷ್ಟು ಅಗ್ಗದ ಮಾತು ಎಂದು ಅವನಿಗೆ ಕೇಳಿಸಿತು. ಆ ಎಂಟನೆಯ ಸಾಲು ಸೇರಿಸಬೇಕೆಂದು ಆಕೆ ಎರಡು ವರ್ಷದ ಹಿಂದೆ ಕೇಳಿದಾಗ, ಜನ ಓಡೋಕೆ ಹೋಗ್ತಾರೆ ಸಿಸ್ಟರ್, ಸಾಯೋಕಲ್ಲ ಎಂದು ತಾನೇ ಗೇಲಿ ಮಾಡಿದ್ದ. ಆಕೆ ಅವನನ್ನು ಮತ್ತೆ ಕೇಳದೆ, ಅಚ್ಚಿನವನ ಹತ್ತಿರ ಹೋಗಿ ಸೇರಿಸಿಕೊಂಡು ಬಂದಿದ್ದರು. ಸಿಸ್ಟರ್ ನಲ್ಲಿ ನಿಲ್ಲಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡು, ಒಂದು ಲೋಟವನ್ನು ಬೋರಲು ಹಾಕಿದರು.

"ನನ್ನ ಹೆಸರು ಬೇಡ ಸರ್," ಎಂದರು. "ಅವತ್ತು ನಾನು ಟೋಕನ್ ನೋಡ್ಕೊಂಡು ಕೂತೆ. ವಾರ್ಡಲ್ಲಿ ಎಷ್ಟೋ ದೊಡ್ಡ ಡಾಕ್ಟ್ರುಗಳನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿದೋಳು ನಾನು. ಅವತ್ತು ನಾಲ್ಕು ಜನ ನಕ್ಕರು ಅಂತ ಸುಮ್ಮನಾಗಿಬಿಟ್ಟೆ. ನಿಮ್ಮ ತಂಗಿ ಹೊರಗೆ ಹೋಗ್ವಾಗ ಬಾಗಿಲಲ್ಲಿ ನಿಲ್ಲಿಸಿ ಒಂದು ಮಾತು ಹೇಳಬಹುದಾಗಿತ್ತು. ಕೋಪ ಬಂದಿತ್ತು, ಹೇಳಲಿಲ್ಲ."

ಒಂದು ವರ್ಷ ತನ್ನನ್ನು ಸುಡುತ್ತಿದೆ ಎಂದುಕೊಂಡಿದ್ದ ಮೌನ ಆಕೆಯನ್ನೂ ಸುಡುತ್ತಿತ್ತು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಆಕೆ ತನ್ನ ಮೇಲೆ ತೀರ್ಪು ಕೊಡುತ್ತ ಕೂತಿದ್ದಾರೆ ಎಂದು ಅವನು ಲೆಕ್ಕ ಹಾಕಿದ್ದ. ಆಕೆಯ ಒಳಗೂ ಒಂದು ಸಂಗತಿ ಇದ್ದೀತು ಎಂದು ಯೋಚಿಸುವಷ್ಟು ಜಾಗ ಅವನ ಪಶ್ಚಾತ್ತಾಪದಲ್ಲಿ ಇರಲಿಲ್ಲ. ತಪ್ಪಿನಲ್ಲೂ ತಾನೊಬ್ಬನೇ ಮುಂದೆ ಇರಬೇಕೆನ್ನುವ ಹಟವಲ್ಲವೆ ಇದು ಎನ್ನಿಸಿ ಅವನಿಗೆ ಬೆಂಚಿನ ಮೇಲೆ ಕೂತಿರುವುದೇ ಕಷ್ಟವಾಯಿತು. ಸಿಸ್ಟರ್ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು, ಹಾಗೇ ಇರಲಿ, ಅಚ್ಚಿನವನು ಎರಡಕ್ಕೆ ಮುಚ್ಚುತ್ತಾನೆ ಎಂದು ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಮಾತ್ರ, ನಿಮ್ಮ ತಂಗಿಗೆ ಇವತ್ತಲ್ಲ ನಾಳೆ ಗೊತ್ತಾಗುತ್ತೆ, ಬೇರೆಯವರ ಬಾಯಿಂದ ಆಗೋದು ಬೇಡ ಎಂದು ಹೇಳಿ ಹೋದರು.

ಸಭೆ ನಡೆದದ್ದು ಒಂದು ಶಾಲೆಯ ನೆಲಮಹಡಿಯ ಹಾಲಿನಲ್ಲಿ. ಮಕ್ಕಳ ಡೆಸ್ಕುಗಳಲ್ಲಿ ದೊಡ್ಡವರು ಮಂಡಿ ತಾಗಿಸಿಕೊಂಡು ಇಕ್ಕಟ್ಟಿನಲ್ಲಿ ಕೂತಿದ್ದರು. ನಲವತ್ತು ಜನವಿದ್ದರು, ಬ್ಯಾಂಕಿನವರು, ಅಂಗಡಿಯವರು, ಇಬ್ಬರು ಅಜ್ಜಿಯಂದಿರು, ಅಂಚೆ ಕಚೇರಿಯ ಒಬ್ಬ ತೆಳ್ಳಗಿನ ಗುಮಾಸ್ತ. ತಂಗಿ ಎದ್ದು ನಿಂತು, ಎರಡು ವಾಕ್ಯಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ, ಅಣ್ಣನನ್ನು ಪರಿಚಯ ಮಾಡಿಸಿದಳು. ನನ್ನ ಕಥೆ ಎಲ್ಲರಿಗೂ ಗೊತ್ತು, ಮತ್ತೆ ಹೇಳಿ ತಲೆ ತಿನ್ನಲ್ಲ ಎಂದು ಹೇಳಿ, ಹೇಳಿಯೇಬಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಅವನು ಹಾಳೆ ಹಿಡಿದು ಒಂದೊಂದೇ ಸಾಲು ವಿವರಿಸಿದ, ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತಿ ಇಳಿಸಿ ತೋರಿಸಿದ, ಶೂಗಳ ಮಾತಿಗೆ ಎಂದಿನಂತೆ ನಗು ಬಂತು. ಮಾತಾಡುತ್ತಿರುವಾಗ ಅವನ ಬಾಯಿ ತನ್ನಷ್ಟಕ್ಕೆ ನಡೆಯುತ್ತಿತ್ತು, ಅವನು ಸ್ವಲ್ಪ ಹಿಂದೆ ನಿಂತು ಅದನ್ನು ಕೇಳುತ್ತಿದ್ದ. ಇನ್ನೇನು ಮುಗಿಯಿತು ಎನ್ನುವಾಗ ಅಂಚೆ ಗುಮಾಸ್ತ ಕೈ ಎತ್ತಿದ. ಓಡುವವರಿಗೆ ಮೀನಖಂಡ ಹಿಡಿದುಕೊಳ್ಳುವುದು ದಿನಾ ಇದ್ದದ್ದೇ, ಅದು ಬರೀ ಸ್ನಾಯುವೋ ಮೇಡಮ್ಮಿಗೆ ಆದಂಥದ್ದೋ ಎಂದು ಹೊರಡುವ ಮುಂಚೆ ತಿಳಿಯುವುದು ಹೇಗೆ ಎಂದು ಕೇಳಿದ. ಒಳ್ಳೆಯ ಪ್ರಶ್ನೆ ಎಂದು ಮುಂದಿನ ಸಾಲಿನಿಂದ ತಂಗಿಯೇ ಹೇಳಿದಳು.

ಅನುಮಾನವಿದ್ದರೆ ವೈದ್ಯರನ್ನು ಕಾಣಿ ಎಂದು ಹೇಳಿ ಮುಗಿಸಬಹುದಿತ್ತು. ಅದು ತಪ್ಪು ಉತ್ತರವೂ ಅಲ್ಲ, ಯಾರೂ ಹೆಚ್ಚು ಕೇಳುತ್ತಿರಲಿಲ್ಲ. ಆದರೆ ನಾಳೆ ಈ ನಲವತ್ತು ಜನ, ಎಂಬತ್ತು ಕಾಲು, ಒಂಬತ್ತು ಗಂಟೆ ಬಸ್ಸಿನಲ್ಲಿ ಮಡಿಸಿಕೊಂಡು ಕೂರುವವರು. ಅವನು ತಂಗಿಯ ಕಡೆ ನೋಡಲಿಲ್ಲ, ಗುಮಾಸ್ತನನ್ನೇ ನೋಡಿದ.

"ಎರಡೂ ಕಾಲು ಅಕ್ಕಪಕ್ಕ ಇಟ್ಟು ನೋಡಿ," ಎಂದ. "ಒಂದೇ ಕಾಲು ಊದಿದ್ರೆ, ಮುಟ್ಟಿದ್ರೆ ಬಿಸಿ ಇದ್ರೆ, ಸಾಕ್ಸಿನ ಗುರುತು ಒಂದೇ ಕಾಲಲ್ಲಿ ಉಳೀತಿದ್ರೆ, ಅದನ್ನ ಸ್ನಾಯು ನೋವು ಅಂದ್ಕೋಬೇಡಿ. ಅದರಲ್ಲೂ ಹಿಂದಿನ ವಾರ ತುಂಬಾ ಹೊತ್ತು ಕೂತಿದ್ರೆ, ಉದ್ದದ ಪ್ರಯಾಣ ಮಾಡಿದ್ರೆ. ಟೇಪ್ ಇದ್ರೆ ಅಳೀರಿ, ಮಂಡಿಯಿಂದ ಒಂದು ಅಂಗೈ ಅಗಲ ಕೆಳಗೆ. ಎರಡಕ್ಕೂ ಮೂರು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಪ್ರಯಾಣ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಬರದೇ ಇದ್ರೂ ಅನುಮಾನ ಇದ್ರೆ ಹೋಗಿ. ಯಾರ ಕೈಲೂ ತಿಕ್ಕಿಸ್ಕೋಬೇಡಿ. ನನ್ನ ಕೈಲೂ."

ಕೊನೆಯ ಮಾತಿಗೆ ಜನ ನಕ್ಕರು, ತಮಾಷೆಯೆಂದುಕೊಂಡು. ಆ ನಗುವಿನ ನಡುವೆ ಅವನು ಮುಂದಿನ ಸಾಲಿನ ಕಡೆ ನೋಡಿದ. ತಂಗಿ ನಗುತ್ತಿರಲಿಲ್ಲ. ಮಕ್ಕಳು ಕಷ್ಟದ ಲೆಕ್ಕಕ್ಕೆ ಉತ್ತರ ಬರೆದು ತಂದಾಗ ಸಾಲಿನಿಂದ ಸಾಲಿಗೆ ಇಳಿಯುತ್ತ ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗಿತ್ತು. ಡೆಸ್ಕಿನ ಮೇಲಿದ್ದ ಅವಳ ಕೈ ನಿಧಾನಕ್ಕೆ ಇಳಿದು ಎಡಗಾಲಿನ ಮಂಡಿಯ ಕೆಳಗೆ ಹೋಗಿ ಅಲ್ಲೇ ನಿಂತಿತು. ವಂದನಾರ್ಪಣೆಯನ್ನು ಅವಳೇ ಮಾಡಬೇಕಿತ್ತು, ಪಕ್ಕದವಳಿಗೆ ನೀನೇ ಹೇಳು ಎಂದು ಸನ್ನೆ ಮಾಡಿದಳು. ಹೊರಡುವಾಗ ಜನ ಬಂದು ಅವನ ಕೈ ಕುಲುಕಿದರು. ಅಂಚೆ ಗುಮಾಸ್ತ, ಇಷ್ಟು ಬಿಡಿಸಿ ಇದುವರೆಗೆ ಯಾರೂ ಹೇಳಿರಲಿಲ್ಲ ಎಂದು ಎರಡು ಸಲ ಹೇಳಿದ.

ತಂಗಿಯನ್ನು ಮನೆಗೆ ಬಿಡಲು ಅವನೇ ಕಾರು ತೆಗೆದ. ಇನ್ನೂ ಬೆಳಕಿತ್ತು. ಅಂಗಡಿಗಳ ಮುಂದೆ ಜನ ಚೀಲ ಹಿಡಿದು ನಿಂತಿದ್ದರು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಮುಂದೆ ನೋಡುತ್ತಲೇ ಕೇಳಿದಳು.

"ಅವತ್ತು ಅಳೀಲಿಲ್ಲ ಅಲ್ವಾ ನೀನು?"

"ಇಲ್ಲ."

"ಸಾಕ್ಸಿನ ಗುರುತು ತೋರಿಸಿದ್ದೆ."

"ತೋರಿಸಿದ್ದೆ. ನಾನು ನೋಡ್ಲಿಲ್ಲ. ತಿಕ್ಕಿದೆ."

ಹಸಿರು ದೀಪ ಬಂತು. ಹಿಂದಿನವನು ಹಾರ್ನ್ ಮಾಡಿದ ಮೇಲೆ ಅವನು ಕಾರು ಬಿಟ್ಟ. ಸಿಸ್ಟರ್ ಏನೋ ಹೇಳಲು ಬಂದಾಗ ನೀನು ರೇಗಿದೆಯಲ್ಲ, ಏನದು ಎಂದು ಅವಳು ಕೇಳಿದಳು; ಅಳೆಯೋಣ ಎಂದು ಹೇಳಲು ಬಂದಿದ್ದರು ಎಂದ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಏನು ಮಾಡುವುದು ಎನ್ನಿಸಿ, ಆ ಎಂಟನೆಯ ಸಾಲೂ ನನ್ನದಲ್ಲ, ಅವರದು, ಬೇಡ ಅಂತ ನಾನು ನಕ್ಕಿದ್ದೆ ಎಂದೂ ಹೇಳಿದ. ಹೇಳಿದರೆ ಹಗುರಾಗುತ್ತದೆ ಎಂದು ಒಂದು ವರ್ಷ ಕಾದಿದ್ದ ಮಾತು. ಬಾಯಿಂದ ಹೊರಗೆ ಬಿದ್ದ ಮೇಲೆ ಅದರ ಭಾರ ಸೀಟಿನಿಂದ ಸೀಟಿಗೆ ಹೋಯಿತಷ್ಟೇ. ಅವಳು ಕಿಟಕಿಯ ಗಾಜು ಇಳಿಸಿ, ಮೂರು ನಾಲ್ಕು ಸಲ ಗಾಳಿ ಎಳೆದುಕೊಂಡಳು. ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ.

"ತಪ್ಪು ಯಾರಿಗಾದ್ರೂ ಆಗುತ್ತೆ ಅಣ್ಣ," ಎಂದಳು. "ನಾನೂ ಪೇಪರ್ ತಿದ್ದೋಳು. ಅವಸರದಲ್ಲಿ ಎಷ್ಟು ಮಕ್ಕಳ ಮಾರ್ಕ್ಸ್ ಕಳೆದಿದೀನೋ. ಆದ್ರೆ ತಪ್ಪಾಗಿದೆ ಅಂತ ಗೊತ್ತಾದ ಮೇಲೆ ಅದನ್ನ ಕಪಾಟಲ್ಲಿ ಇಟ್ಕೊಂಡು, ಅದೇ ಮಗು ಬಂದು ಥ್ಯಾಂಕ್ಸ್ ಹೇಳ್ವಾಗ ತಲೆ ಸವರಿಲ್ಲ. ನಾನು ಒಂದು ವರ್ಷ ಕಂಡಕಂಡವರ ಮುಂದೆ ನಿನ್ನ ಹೆಸರು ಹೇಳ್ಕೊಂಡು ತಿರುಗಿದೆ. ನಮ್ಮನೆಯವರು ನಿನ್ನ ಕೈ ಕಣ್ಣಿಗೊತ್ತಿಕೊಂಡ್ರು. ಅವರ ಕೈ ಬಿಡಿಸ್ಕೊಳ್ಳೋಕಾದ್ರೂ ಆಗ್ಲಿಲ್ವಾ ನಿನಗೆ?"

ಇದಕ್ಕೆ ಕೊಡುವ ಉತ್ತರವನ್ನು ಅವನು ಎಷ್ಟೋ ಸಲ ಸಿದ್ಧ ಮಾಡಿಕೊಂಡಿದ್ದ. ನೀನು ಇನ್ನೂ ಹಾಸಿಗೆಯಲ್ಲಿದ್ದೆ, ಹೇಳಿದರೆ ಆಘಾತವಾಗುತ್ತದೆ ಎಂದು. ಆಮೇಲೆ ನೀನು ಚೇತರಿಸಿಕೊಳ್ಳುತ್ತಿದ್ದೆ ಎಂದು. ಆಮೇಲೆ ಹೇಳಿ ಏನು ಪ್ರಯೋಜನ ಎಂದು. ಎಲ್ಲವೂ ಅವಳ ಒಳಿತಿಗೇ ಹೇಳಲಿಲ್ಲ ಎನ್ನುವ ನೆಪಗಳು. "ಹೊಗಳಿಸ್ಕೊಳ್ಳೋದು ಚೆನ್ನಾಗಿತ್ತು," ಎಂದ. ಅದು ಅವನು ಸಿದ್ಧ ಮಾಡಿಕೊಂಡ ಮಾತಾಗಿರಲಿಲ್ಲ. ಅವಳು ಮೊದಲ ಸಲ ತಿರುಗಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮೈದಾನದ ಅಂಚಿನಲ್ಲಿ ನಿಂತು, ಅವನು ಸೋತು ಹಿಂತಿರುಗಿದ ದಿನಗಳಲ್ಲಿ ಟವೆಲು ಕೊಡುವ ಮುಂಚೆ ಹೀಗೇ ನೋಡುತ್ತಿದ್ದಳು.

ಅವಳ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲದ ಕಟ್ಟಡ. ಕಾಯಿಲೆಯಾದಾಗಿನಿಂದ ಅವನು ಬಿಡಲು ಬಂದ ದಿನವೆಲ್ಲ ಅವಳ ಮೊಣಕೈ ಹಿಡಿದು, ಎರಡು ಮೆಟ್ಟಿಲಿಗೆ ಒಂದು ಉಸಿರು ಎಂದು ಎಣಿಸುತ್ತ ಮೇಲಿನವರೆಗೂ ಹತ್ತಿಸಿ ಬರುವುದು ವಾಡಿಕೆ. ಈಗಲೂ ಅವನು ಕಾರು ನಿಲ್ಲಿಸಿ, ಇಳಿದು, ಅವಳ ಕಡೆಯ ಬಾಗಿಲು ತೆಗೆದು ಕೈ ಚಾಚಿದ. ಅವಳು ಆ ಕೈಯನ್ನು ನೋಡಿ, ತನ್ನ ಚೀಲವನ್ನು ಹೆಗಲಿಗೇರಿಸಿಕೊಂಡು ತಾನೇ ಇಳಿದಳು. "ಬೇಡ. ನಾನೇ ಹತ್ತುತೀನಿ. ನಾಳೆ ಫೋನ್ ಮಾಡಬೇಡ ಅಣ್ಣ. ಮಾಡಬೇಕು ಅನ್ನಿಸಿದಾಗ ನಾನೇ ಮಾಡ್ತೀನಿ," ಎಂದಳು. ಅವಳು ಕಂಬಿ ಹಿಡಿದು ಹತ್ತತೊಡಗಿದಳು. ಅವನು ಮೆಟ್ಟಿಲಿನ ಬುಡದಲ್ಲಿ, ಪತ್ರದ ಪೆಟ್ಟಿಗೆಗಳ ಸಾಲಿನ ಪಕ್ಕ ನಿಂತ. ಮೊದಲನೆಯ ತಿರುವಿನವರೆಗೆ ಅವಳ ಹಿಮ್ಮಡಿಗಳು ಕಾಣುತ್ತಿದ್ದವು, ಆಮೇಲೆ ಸದ್ದು ಮಾತ್ರ. ನಾಲ್ಕು ಹೆಜ್ಜೆ, ನಿಲುಗಡೆ. ಮೂರು ಹೆಜ್ಜೆ, ನಿಲುಗಡೆ. ಅವಸರ ಮಾಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಮೂಗಿನಿಂದ ಎಳೆದುಕೋ, ತುಟಿ ಕೂಡಿಸಿ ನಿಧಾನ ಬಿಡು, ಭುಜ ಇಳಿಬಿಡು ಎಂದು ಇಪ್ಪತ್ತಾರು ವರ್ಷದ ಬುದ್ಧಿಮಾತೆಲ್ಲ ಗಂಟಲಿಗೆ ಬಂತು. ಅವನು ಕೂಗಲಿಲ್ಲ. ಎರಡನೆಯ ಮಹಡಿಯಲ್ಲಿ ನಿಲುಗಡೆ ಬಹಳ ಉದ್ದವಾಯಿತು. ಅವನ ಒಂದು ಕಾಲು ತಾನಾಗಿಯೇ ಮೊದಲ ಮೆಟ್ಟಿಲ ಮೇಲೆ ಹೋಗಿತ್ತು, ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ. ಮೇಲೆ ಯಾವುದೋ ಬಾಗಿಲು ತೆರೆದ ಸದ್ದಾಯಿತು. ನೆರೆಮನೆಯ ಹೆಂಗಸಿರಬೇಕು, ಒಬ್ಬರೇ ಹತ್ತುತಾ ಇದೀರಲ್ಲ, ಅಣ್ಣ ಬಂದಿಲ್ವಾ ಇವತ್ತು ಎಂದು ಕೇಳಿದಳು.

ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. ಆಮೇಲೆ ತಂಗಿಯ ದನಿ.

"ಬಂದಿದಾನೆ," ಎಂದಳು. "ಕೆಳಗಿದಾನೆ."

ಮತ್ತೆ ಹೆಜ್ಜೆಗಳು ಶುರುವಾದವು.